ಬಡಾವಣೆ ಏಳುವ ಮುನ್ನ: ಪಾರ್ಕು, ಹಳ್ಳ, ಗುಂಡುತೋಪು ಉಳಿಸಿಕೊಳ್ಳುವ ಬಗೆ

ಪಾರ್ಕಿನ ಜಾಗಕ್ಕೆ ಜೆಸಿಬಿ ಬಂದು ನಿಂತ ದಿನ ಜನ ಸೇರುತ್ತಾರೆ. ಅಷ್ಟರಲ್ಲಿ ಕೆಲಸ ಕೆಟ್ಟು ಎಷ್ಟೋ ವರ್ಷವಾಗಿರುತ್ತದೆ. ನಕ್ಷೆಯಲ್ಲಿ ಪಾರ್ಕು ಅಂತ ಹಸಿರು ಬಳಿದಿದ್ದರು, ಆದರೆ ಆ ಜಾಗವನ್ನು ಯಾರೂ ನೋಂದಣಿ ಮಾಡಿ ಬಿಟ್ಟುಕೊಟ್ಟಿರಲಿಲ್ಲ. ಹಳ್ಳವನ್ನು ಯಾರೂ ಅಳೆದಿರಲಿಲ್ಲ. ಗುಂಡುತೋಪಿನ, ಅಂದರೆ ಊರೊಟ್ಟಿನ ಮರದ ತೋಪಿನ, ಸರ್ವೆ ನಂಬರ್ ಯಾವುದೆಂದು ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತೆರೆದ ಜಾಗ ಮೊದಲು ಕಾಗದದಲ್ಲಿ ಹೋಗುತ್ತದೆ, ಆಮೇಲೆ ನೆಲದ ಮೇಲೆ. ಹಾಗಾಗಿ ಉಳಿಸುವ ಕೆಲಸವೂ ಕಾಗದದಿಂದಲೇ ಶುರುವಾಗಬೇಕು, ಅದೂ ಸೈಟುಗಳು ಮಾರಾಟವಾಗುವ ಮೊದಲೇ.

ಮುಂದೆ ಬರೆದಿರುವುದು ಕರ್ನಾಟಕದ ನಗರಗಳ ಅಂಚಿನ ಹಳ್ಳಿಗಳಿಗೆ, ಹೊಸ ಬಡಾವಣೆಗಳ ನಿವಾಸಿ ಸಂಘಗಳಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ ಮತ್ತು ತಮ್ಮ ಜಮೀನಿನಲ್ಲೇ ಬಡಾವಣೆ ಮಾಡಲು ಹೊರಟ ರೈತ ಕುಟುಂಬಗಳಿಗೆ.

ಜಾಗ ಯಾರದು ಎಂಬುದು ಮೊದಲ ಪ್ರಶ್ನೆ

ಖಾಲಿ ಕಾಣುವ ಜಾಗವೆಲ್ಲ ಒಂದೇ ಬಗೆಯದಲ್ಲ. ಬಡಾವಣೆಯ ನಕ್ಷೆಯಲ್ಲಿ ಪಾರ್ಕು, ಆಟದ ಮೈದಾನ, ಸಿಎ ಸೈಟು (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ ಜಾಗ) ಎಂದು ಗುರುತಾದದ್ದು ಒಂದು ಬಗೆ. ಕೆರೆ, ಕುಂಟೆ, ರಾಜಕಾಲುವೆ, ಹಳ್ಳ, ಬಂಡಿದಾರಿ, ಗೋಮಾಳ, ಗುಂಡುತೋಪು, ಸ್ಮಶಾನದಂಥ ಸರ್ಕಾರಿ ಅಥವಾ ಊರೊಟ್ಟಿನ ಜಾಗ ಇನ್ನೊಂದು. ಯಾರದೋ ಪಟ್ಟಾ ಜಮೀನಿನಲ್ಲಿ ಉಳಿದುಕೊಂಡಿರುವ ಬಂಡೆಗುಡ್ಡ, ಕುರುಚಲು ಕಾಡು, ಹಳೆ ಮಾವಿನ ತೋಪು ಮೂರನೆಯದು.

ಮೊದಲ ಬಗೆಗೆ ನಗರ ಯೋಜನೆಯ ಕಾನೂನು ಆಸರೆ. ಎರಡನೆಯದಕ್ಕೆ ಕಂದಾಯ ಕಾನೂನು. ಮೂರನೆಯದಕ್ಕೆ ಮಾಸ್ಟರ್ ಪ್ಲಾನಿನ (ಯಾವ ಜಾಗ ಯಾವ ಬಳಕೆಗೆ ಎಂದು ಹೇಳುವ ನಗರ ಯೋಜನೆ) ವಲಯ ಮತ್ತು ಮರ ಸಂರಕ್ಷಣಾ ಕಾಯ್ದೆ ಬಿಟ್ಟರೆ ಗಟ್ಟಿ ಆಸರೆ ಕಡಿಮೆ, ಅಲ್ಲಿ ಮಾಲೀಕರ ಮನಸ್ಸೊಲಿಸುವುದೇ ಹೆಚ್ಚಿನ ಕೆಲಸ. ಈ ಮೂರನ್ನೂ ಕಲಸಿ ಒಂದೇ ಅರ್ಜಿ ಬರೆದರೆ ಅದು ಕಚೇರಿಯಿಂದ ಕಚೇರಿಗೆ ತಿರುಗುತ್ತಲೇ ಇರುತ್ತದೆ. ತಹಶೀಲ್ದಾರರು ‘ಇದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಸಂಬಂಧಿಸಿದ್ದು’ ಎನ್ನುತ್ತಾರೆ, ಪ್ರಾಧಿಕಾರ ‘ಇದು ಕಂದಾಯ ಇಲಾಖೆಗೆ’ ಎನ್ನುತ್ತದೆ. ಎರಡೂ ಉತ್ತರ ಅರ್ಧರ್ಧ ಸರಿಯೇ, ಅದೇ ತೊಂದರೆ.

ಕೂಡಿಸಿಕೊಳ್ಳಬೇಕಾದ ಕಾಗದ

ಪಹಣಿ, ಗ್ರಾಮ ನಕ್ಷೆ, ಆಕಾರ್‌ಬಂದ್ (ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಹಾಳೆ), ಭೂಪರಿವರ್ತನೆ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು), ಬಡಾವಣೆಯ ಅನುಮೋದಿತ ನಕ್ಷೆ. ಮೊದಲಿಗೆ ಬೇಕಾದ್ದು ಈ ಆರು. ಪಹಣಿ ಮತ್ತು ಗ್ರಾಮ ನಕ್ಷೆ ಆನ್‌ಲೈನ್‌ನಲ್ಲೇ ಸಿಗುತ್ತವೆ. ಟಿಪ್ಪಣಿ, ಆಕಾರ್‌ಬಂದ್‌ಗಳ ದೃಢೀಕೃತ ನಕಲನ್ನು ತಾಲ್ಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ತೆಗೆದುಕೊಳ್ಳಬೇಕು.

ಪಹಣಿಯಲ್ಲಿ ಎಲ್ಲರ ಕಣ್ಣೂ ಮಾಲೀಕರ ಹೆಸರಿಗೆ ಹೋಗುತ್ತದೆ. ನೀವು ನೋಡಬೇಕಾದ್ದು 3ನೇ ಕಾಲಂ, ವಿಸ್ತೀರ್ಣದ್ದು. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫುಟ್ ಖರಾಬು ‘ಎ’ ಮತ್ತು ‘ಬಿ’ ಎಂದು ಎರಡು ಸಾಲಿರುತ್ತವೆ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಬಂಡೆ, ಕಣ, ಕಟ್ಟಡದಂಥ ಜಾಗ, ಅದು ಜಮೀನುದಾರರದ್ದೇ. ಬಿ ಖರಾಬು ಹಾಗಲ್ಲ. ರಸ್ತೆ, ಕಾಲುದಾರಿ, ಹಳ್ಳ, ಕುಂಟೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅದು, ಸುತ್ತಲಿನ ಜಮೀನು ಯಾರ ಹೆಸರಿನಲ್ಲಿದ್ದರೂ ಸರಿ. ಕ್ರಯಪತ್ರದಲ್ಲಿ ‘ಖರಾಬು ಸಹಿತ’ ಎಂದು ಬರೆದುಕೊಂಡ ಮಾತ್ರಕ್ಕೆ ಬಿ ಖರಾಬು ಮಾರಾಟವಾಗುವುದಿಲ್ಲ.

ಗ್ರಾಮ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಬಹುತೇಕ ಗ್ರಾಮ ನಕ್ಷೆಗಳು 1:7920 ಪ್ರಮಾಣದವು, ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 13 ಅಡಿ ಆಗುತ್ತದೆ. ಹಳ್ಳ ಎಲ್ಲಿ ಹಾದುಹೋಗುತ್ತದೆ ಎಂದು ಈ ನಕ್ಷೆ ತೋರಿಸಬಲ್ಲದು, ಎಷ್ಟು ಅಗಲ ಎಂದು ಹೇಳಲಾರದು. ಅಗಲ ಬೇಕಿದ್ದರೆ ಸರ್ವೆಯರ್ ಸರಪಳಿ ಹಿಡಿದು ಅಳೆದು ಬರೆದ ಟಿಪ್ಪಣಿಯೇ ಬೇಕು. ಟಿಪ್ಪಣಿಯ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ: ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ, ಆಣೆಗೆ ಎರಡಡಿಗಿಂತ ತುಸು ಹೆಚ್ಚು. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ, 1,089 ಚದರಡಿ. 40 ಗುಂಟೆಗೆ ಎಕರೆ.

ದಿಶಾಂಕ್ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಹುಡುಕಾಟಕ್ಕೆ ಬಹಳ ಒಳ್ಳೆಯದು. ಆದರೆ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಹೋಗುತ್ತದೆ. ಅದರ ಸ್ಕ್ರೀನ್‌ಶಾಟನ್ನೇ ಒತ್ತುವರಿಯ ಸಾಕ್ಷಿಯಾಗಿ ಕೊಟ್ಟರೆ ಎದುರಿನ ವಕೀಲರು ಎರಡು ನಿಮಿಷದಲ್ಲಿ ಬದಿಗೆ ತಳ್ಳುತ್ತಾರೆ.

ಅನುಮೋದಿತ ನಕ್ಷೆ ಪಡೆಯುವುದು

ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಿದ ಬಡಾವಣೆಯಾದರೆ ಮೊದಲು ಕರ್ನಾಟಕ ರೇರಾ ಜಾಲತಾಣದಲ್ಲಿ ಹುಡುಕಿ. 500 ಚದರ ಮೀಟರ್ ಮೀರಿದ ಜಮೀನಿನ ಯೋಜನೆಗಳು ಅಲ್ಲಿ ನೋಂದಣಿಯಾಗಬೇಕು, ಅಪ್‌ಲೋಡ್ ಮಾಡಿದ ನಕ್ಷೆಯೂ ಅಲ್ಲೇ ಇರುತ್ತದೆ. ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಎ4 ಪುಟವೊಂದಕ್ಕೆ 2 ರೂಪಾಯಿ, ದೊಡ್ಡ ನಕ್ಷೆಗೆ ಬೇರೆ ದರ. ಬಹಳ ಅರ್ಜಿಗಳು ಸೋಲುವುದು ‘ಏಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳುವುದರಿಂದ. ಅದಕ್ಕೆ ಉತ್ತರ ಕೊಡಬೇಕಾದ ಬಾಧ್ಯತೆ ಮಾಹಿತಿ ಅಧಿಕಾರಿಗಿಲ್ಲ. ಕಾಗದ ಕೇಳಿ, ಹೆಸರು ಹೇಳಿ ಕೇಳಿ:

‘ವಿಷಯ: ______ ಗ್ರಾಮದ ಸರ್ವೆ ನಂಬರ್ ______ರಲ್ಲಿನ ವಸತಿ ಬಡಾವಣೆಯ ದಾಖಲೆಗಳು. ಈ ಕೆಳಗಿನವುಗಳ ದೃಢೀಕೃತ ನಕಲು ಕೊಡಿ. 1) ತಾತ್ಕಾಲಿಕ ಹಾಗೂ ಅಂತಿಮವಾಗಿ ಅನುಮೋದಿಸಿದ ವಿನ್ಯಾಸ ನಕ್ಷೆ, ವಿಸ್ತೀರ್ಣ ಪಟ್ಟಿ ಸಹಿತ. 2) ಅನುಮೋದನೆ ಆದೇಶ ಮತ್ತು ಷರತ್ತುಗಳು. 3) ರಸ್ತೆ, ಪಾರ್ಕು, ಸಿಎ ಸೈಟುಗಳನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರ. 4) ನಿವೇಶನ ಬಿಡುಗಡೆ ಪತ್ರಗಳು. 5) ಅನುಮೋದನೆಯ ನಂತರ ನಕ್ಷೆ ಮಾರ್ಪಾಡಾಗಿದ್ದರೆ ಆ ಕಡತದ ಟಿಪ್ಪಣಿ ಹಾಳೆಗಳು ಮತ್ತು ಆದೇಶ.’

ಐದನೆಯದನ್ನು ಮರೆಯಬೇಡಿ. ಪಾರ್ಕು ಸೈಟುಗಳಾಗಿ ಒಡೆಯುವ ಮಾಮೂಲಿ ದಾರಿ ‘ಪರಿಷ್ಕೃತ ನಕ್ಷೆ’. ಮೊದಲ ನಕ್ಷೆ ಒಂದೇ ಕೈಯಲ್ಲಿದ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಪ್ಪು ಕಚೇರಿಗೆ ಅರ್ಜಿ ಹೋದರೂ ಚಿಂತೆಯಿಲ್ಲ, ಮಾಹಿತಿ ಹಕ್ಕು ಕಾಯ್ದೆಯ 6(3)ರಂತೆ ಐದು ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಆ ಗಡುವು ತಪ್ಪಿಸಿಕೊಂಡರೆ ತಡಕ್ಕೆ ತಕ್ಕ ಕಾರಣ ತೋರಿಸಬೇಕು, ಇಲ್ಲವೇ ಮತ್ತೆ ಹೊಸ ಅರ್ಜಿಯಿಂದ ಶುರು.

ಒಂದರ ಮೇಲೊಂದು ನಕ್ಷೆ ಇಟ್ಟು ನೋಡುವುದು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದು, ಆದರೆ ಸಂಘಗಳು ಇದನ್ನೇ ಬಿಟ್ಟುಬಿಡುತ್ತವೆ. ಬಡಾವಣೆ ನಕ್ಷೆಯನ್ನೂ ಟಿಪ್ಪಣಿಯ ಅಳತೆಯಿಂದ ಬಿಡಿಸಿದ ಸರ್ವೆ ಸ್ಕೆಚ್ಚನ್ನೂ ಒಂದೇ ಪ್ರಮಾಣಕ್ಕೆ ತಂದು, ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿ, ಒಂದರ ಮೇಲೊಂದು ಇಡಿ. ಜೋಡಿಸಲು ಮೂರು ಸರ್ವೆ ನಂಬರುಗಳು ಕೂಡುವ ಮೂಲೆಕಲ್ಲುಗಳನ್ನು ಹಿಡಿಯಿರಿ. ಆ ಕಲ್ಲುಗಳು ಜಾಗದಲ್ಲಿ ಇನ್ನೂ ಉಳಿದಿದ್ದರೆ ಅದೇ ದೊಡ್ಡ ಆಸ್ತಿ.

ಒಂದು ಲೆಕ್ಕ ನೋಡೋಣ. ಪಹಣಿಯಲ್ಲಿ ಒಟ್ಟು 6 ಎಕರೆ 20 ಗುಂಟೆ, ಅದರಲ್ಲಿ ಹಳ್ಳಕ್ಕೆಂದು ಬಿ ಖರಾಬು 14 ಗುಂಟೆ. ಬಡಾವಣೆ ನಕ್ಷೆಯ ವಿಸ್ತೀರ್ಣ ಪಟ್ಟಿಯಲ್ಲಿ ಒಟ್ಟು 260 ಗುಂಟೆ, ಪಾರ್ಕು 39 ಗುಂಟೆ, ಶೇ 15. ಕಾಗದದಲ್ಲಿ ಎಲ್ಲ ಚೊಕ್ಕ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟಾಗ ಪಾರ್ಕಿನ ಹಸಿರು ಪಟ್ಟಿ ಹಳ್ಳದ ಮೇಲೆ ಸರಿಯಾಗಿ ಕುಳಿತಿರುತ್ತದೆ. ಮಾಲೀಕರು ತಮ್ಮ ಜಮೀನಿನಿಂದ ಬಿಟ್ಟದ್ದು ಬರೀ 25 ಗುಂಟೆ, ಉಳಿದ 14 ಗುಂಟೆ ಸರ್ಕಾರದ ಹಳ್ಳ. ಬಿ ಖರಾಬು ಕಳೆದರೆ ನಿಜವಾದ ಜಮೀನು 246 ಗುಂಟೆ, ಅದರ ಶೇ 15 ಎಂದರೆ ಸುಮಾರು 37 ಗುಂಟೆ. ಕೊರತೆ 12 ಗುಂಟೆ, ಹತ್ತಿರ ಹತ್ತಿರ 13,000 ಚದರಡಿ, 30-40ರ ಹತ್ತು ಸೈಟು. ಹೀಗೆ ಅಂಕಿಯಲ್ಲಿ ಬರೆದ ಆಕ್ಷೇಪಣೆಗೆ ಕಡತದಲ್ಲಿ ಉತ್ತರ ಬರೆಯಲೇಬೇಕಾಗುತ್ತದೆ. ‘ಪರಿಸರಕ್ಕೆ ಧಕ್ಕೆಯಾಗಿದೆ’ ಎಂಬ ಸಾಲಿಗೆ ‘ಪರಿಶೀಲಿಸಲಾಗುವುದು’ ಎಂಬ ಸಾಲು ಸಾಕು.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯೂ, ಇತರ ನಗರಗಳ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೂ ಪ್ರಾಧಿಕಾರದ ಬಡಾವಣೆಯಲ್ಲಿ ಪಾರ್ಕು ಮತ್ತು ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ ಮತ್ತೆ ಶೇ 10 ಬಿಡಬೇಕೆನ್ನುತ್ತವೆ. ಖಾಸಗಿ ಬಡಾವಣೆಗೆ ಪ್ರಮಾಣ ಆಯಾ ಊರಿನ ವಲಯ ನಿಯಮಾವಳಿ ಮತ್ತು ಅನುಮೋದನೆಯ ದಿನಾಂಕದ ಮೇಲೆ ಬದಲಾಗುತ್ತದೆ. ಶೇಕಡಾವಾರಿಗಾಗಿ ಜಗಳಕ್ಕಿಳಿಯುವ ಮುನ್ನ ಆ ನಿಯಮಾವಳಿಯ ಪುಟ ಕೈಯಲ್ಲಿರಲಿ.

ಹಳ್ಳದ ಎರಡೂ ಬದಿಯಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಪಟ್ಟಿಯದು (ಬಫರ್) ಬೇರೆ ಲೆಕ್ಕ. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಕೆರೆಯ ಅಳತೆಗೆ ಕಂದಾಯ ದಾಖಲೆಯ ಗಡಿಯೇ ಆಧಾರ, ಈಗ ನೀರು ನಿಂತಿರುವ ಅಂಚಲ್ಲ. ಕಾಲುವೆಗೆ ಅಳೆಯುವುದು ಅದರ ನಡುಗೆರೆಯಿಂದ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಕೆರೆಗೆ 75 ಮೀಟರ್‌ವರೆಗೆ ಹಿಗ್ಗಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇಂದಿಗೂ 75 ಮೀಟರ್ ಎಂದು ಬರೆದ ಮನವಿಗಳು ಹೋಗುತ್ತಲೇ ಇವೆ, ತಿರಸ್ಕೃತವಾಗುತ್ತಲೂ ಇವೆ. 2025ರ ಆಗಸ್ಟ್‌ನಲ್ಲಿ ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಮೀಸಲು ಪಟ್ಟಿಯನ್ನು ಇಳಿಸುವ ತಿದ್ದುಪಡಿ ವಿಧಾನಮಂಡಲಕ್ಕೆ ಬಂದಿತ್ತು. ಅರ್ಜಿಗೆ ಸಹಿ ಹಾಕುವ ದಿನ ಜಾರಿಯಲ್ಲಿರುವ ಅಳತೆ ಯಾವುದೆಂದು ನೋಡಿಯೇ ಸಂಖ್ಯೆ ಬರೆಯಿರಿ.

ಇನ್ನೊಂದು ಸೂಕ್ಷ್ಮ: ಮೀಸಲು ಪಟ್ಟಿ ಮಾಲೀಕರ ಸ್ವಂತ ಜಮೀನಿನಲ್ಲಿ ಬಿದ್ದರೆ, ಅದನ್ನು ಪಾರ್ಕಿನ ಲೆಕ್ಕಕ್ಕೆ ಹಿಡಿಯಲು 2015ರ ಪ್ಲಾನಿನಲ್ಲೇ ಅವಕಾಶವಿದೆ. ಹಾಗಾಗಿ ‘ಬಫರನ್ನೇ ಪಾರ್ಕು ಮಾಡಿದ್ದಾರೆ’ ಎಂಬ ದೂರು ನಿಲ್ಲುವುದಿಲ್ಲ. ‘ಸರ್ಕಾರದ ಹಳ್ಳವನ್ನೇ ಪಾರ್ಕಿಗೆ ಎಣಿಸಿದ್ದಾರೆ’ ಎಂಬುದು ನಿಲ್ಲುತ್ತದೆ.

ಆಕ್ಷೇಪಣೆಯ ಗಡುವುಗಳು

ಭೂಬಳಕೆ ಬದಲಾವಣೆಗೆ, ಉದಾಹರಣೆಗೆ ಮಾಸ್ಟರ್ ಪ್ಲಾನಿನಲ್ಲಿ ಪಾರ್ಕು ಅಥವಾ ಕೃಷಿ ಎಂದಿದ್ದದ್ದನ್ನು ವಸತಿ ಮಾಡುವುದಕ್ಕೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಂ ಅನ್ವಯಿಸುತ್ತದೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಆ ಪ್ರದೇಶದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಈ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಬೆರಳಗಲದ ಪೆಟ್ಟಿಗೆಯಾಗಿ ಬರುತ್ತದೆ. ಸಂಘದಲ್ಲಿ ಒಬ್ಬರಿಗೆ ದಿನಾ ಬೆಳಿಗ್ಗೆ ಆ ಮೂಲೆ ನೋಡುವ ಕೆಲಸ ವಹಿಸಿ. ತಮಾಷೆಯೆನಿಸಬಹುದು, ಆದರೆ ನ್ಯಾಯಾಲಯದ ವರ್ಷಗಳನ್ನು ಉಳಿಸುವುದು ಈ ಕೆಲಸವೇ.

ಮಾಸ್ಟರ್ ಪ್ಲಾನಿನ ಕರಡು ಬಂದಾಗ ಅವಕಾಶ ಇದಕ್ಕಿಂತ ದೊಡ್ಡದು. ಬೆಂಗಳೂರಿನ 2031ರ ಕರಡಿಗೆ 60 ದಿನ ಕೊಟ್ಟಿದ್ದರು. ಆಗ ‘ನಮ್ಮೂರಿನ ಗುಂಡುತೋಪು, ಸರ್ವೆ ನಂಬರ್ ಇಂಥದ್ದು, ಇಷ್ಟು ಎಕರೆ, ವಸತಿ ವಲಯದ ಹಳದಿಯಲ್ಲಿ ತೋರಿಸಲಾಗಿದೆ, ಉದ್ಯಾನ ಮತ್ತು ತೆರೆದ ಜಾಗದ ಹಸಿರಿಗೆ ಬದಲಿಸಿ’ ಎಂದು ಒಂದು ಜಾಗಕ್ಕೆ ಒಂದು ಹಾಳೆಯಂತೆ ಬರೆಯಿರಿ. ಮೂವತ್ತು ಜಾಗಗಳನ್ನು ಒಂದೇ ಪತ್ರಕ್ಕೆ ತುಂಬಿದರೆ ಮೂವತ್ತಕ್ಕೂ ಸೇರಿ ಒಂದೇ ಉತ್ತರ ಬರುತ್ತದೆ.

ಗೋಮಾಳವನ್ನು ಬೇರೆ ಉದ್ದೇಶಕ್ಕೆ ಕೊಡುವ ಪ್ರಸ್ತಾವ ಇದ್ದರೆ ಜಾನುವಾರು ಗಣತಿಯ ಅಂಕಿಯನ್ನು ಊರಿನ ಪಶು ಆಸ್ಪತ್ರೆಯಿಂದ ತನ್ನಿ. ಕರ್ನಾಟಕ ಭೂಕಂದಾಯ ನಿಯಮ 1966ರ 97ನೇ ನಿಯಮ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಹುಲ್ಲುಗಾವಲು ಎನ್ನುತ್ತದೆ. ಊರಲ್ಲಿ 240 ದನಕರು ಇದ್ದರೆ 71 ಎಕರೆ ಬೇಕು. ಉಳಿದಿರುವುದು 40 ಎಕರೆ ಮಾತ್ರ ಎಂದಾದರೆ ಹೆಚ್ಚುವರಿ ಎಂದು ಕೊಡಲು ಅಲ್ಲಿ ಏನೂ ಇಲ್ಲ. ಈ ಲೆಕ್ಕವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಮಾಡಿಸಿ, ನಕಲು ಪಡೆಯಿರಿ. ಬಾಯಿಮಾತಿನ ವಿರೋಧ ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂದಷ್ಟೇ ಆಗುತ್ತದೆ.

ಮರಗಳಿದ್ದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯಬೇಕಾದ್ದು 50 ಮೀರಿದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. 60 ಮರಗಳ ತೋಪನ್ನು 30-30ರ ಎರಡು ಅರ್ಜಿಯಾಗಿ ಒಡೆಯುವ ಚಾಳಿ ಇದೆ, ಅಕ್ಕಪಕ್ಕದ ಸರ್ವೆ ನಂಬರಿನ ಅರ್ಜಿಯನ್ನೂ ಕೇಳಿ ನೋಡಿ. 20,000 ಚದರ ಮೀಟರ್ ಮೀರಿದ ಕಟ್ಟಡ ಯೋಜನೆಗೆ, ಅಥವಾ 50 ಹೆಕ್ಟೇರ್ ಮುಟ್ಟುವ ಟೌನ್‌ಶಿಪ್ಪಿಗೆ ಕೇಂದ್ರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು.

ನಕ್ಷೆ ಬಿಡಿಸುವವರು ನೀವೇ ಆದರೆ

ನಕ್ಷೆಗಾರರ ರೂಢಿ ಮೊದಲು ರಸ್ತೆ, ಆಮೇಲೆ ಸೈಟು, ಕೊನೆಗೆ ಉಳಿದ ಮೂಲೆಮುರುಕಿಗೆ ಪಾರ್ಕು. ಇದನ್ನು ತಿರುಗಿಸಿ. ಮೊದಲು ಸಮಪಾತಳಿ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಾಕಿಸಿ, ನೀರು ಹರಿಯುವ ತಗ್ಗನ್ನು ಗುರುತಿಸಿ. ದೊಡ್ಡ ಮರ, ಬಂಡೆ, ಹಳೇ ಬಾವಿಗಳನ್ನು ಅದೇ ಹಾಳೆಯಲ್ಲಿ ಚುಕ್ಕೆ ಹಾಕಿ. ಆ ತಗ್ಗಿನ ಉದ್ದಕ್ಕೂ ಪಾರ್ಕನ್ನು ಇಟ್ಟು, ರಸ್ತೆಯನ್ನು ಏರಿನಲ್ಲಿ ಒಯ್ದು, ಕೊನೆಗೆ ಸೈಟು ಕತ್ತರಿಸಿ. ಸೈಟುಗಳ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ತಗ್ಗಿನ ಸೈಟುಗಳಿಗೆ ಮಣ್ಣು ತುಂಬಿಸುವ ಖರ್ಚು, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದ ತಕರಾರು ಎರಡೂ ತಪ್ಪುತ್ತವೆ.

ಪಾರ್ಕಿನ ಆಕಾರ ವಿಸ್ತೀರ್ಣದಷ್ಟೇ ಮುಖ್ಯ. 39 ಗುಂಟೆಯನ್ನು ಒಂದೇ ಚೌಕವಾಗಿ ಬಿಟ್ಟರೆ ಬದಿಗೆ 206 ಅಡಿ, ಮಕ್ಕಳು ಆಡಬಹುದು, ಆಲದ ಮರ ಬೆಳೆಯಬಹುದು. ಅದೇ 39 ಗುಂಟೆಯನ್ನು 20 ಅಡಿ ಅಗಲದ ಪಟ್ಟಿಯಾಗಿ ಕಾಂಪೌಂಡಿನ ಸುತ್ತ ಎಳೆದರೆ 2,100 ಅಡಿಗೂ ಉದ್ದ, ಕಾಗದದಲ್ಲಿ ಅಷ್ಟೇ ಪಾರ್ಕು, ನೆಲದ ಮೇಲೆ ಯಾರದೋ ಹಿತ್ತಲು. ಹೈಟೆನ್ಷನ್ ತಂತಿಯ ಕೆಳಗಿನ ಜಾಗವನ್ನು ಪಾರ್ಕೆಂದು ತೋರಿಸಿದ್ದರೆ ಅನುಮೋದನೆಯ ಹಂತದಲ್ಲೇ ತಕರಾರು ತೆಗೆಯಿರಿ.

ಉಳಿಸಿದ ಮರ ಆಮೇಲೆ ಒಣಗುವುದಕ್ಕೆ ಕಾರಣ ಬಹುತೇಕ ಮಣ್ಣು. ಜಾಗ ಸಮತಟ್ಟು ಮಾಡುವಾಗ ಬುಡದ ಸುತ್ತ ಒಂದಡಿ ಮಣ್ಣು ತುಂಬಿದರೂ ಬೇರಿಗೆ ಗಾಳಿ ಸಿಗದೆ ಮರ ನಿಧಾನಕ್ಕೆ ಸೊರಗುತ್ತದೆ. ಕೆಲಸ ಶುರುವಾಗುವ ಮುನ್ನವೇ ರೆಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ. ಒಳಗೆ ಜೆಸಿಬಿ, ಜಲ್ಲಿ ರಾಶಿ, ಸಿಮೆಂಟು ಕಲಸುವುದು ಯಾವುದೂ ಬೇಡ.

ಬಿಟ್ಟುಕೊಟ್ಟ ಪತ್ರ, ಖಾತೆ

ಅಂತಿಮ ಅನುಮೋದನೆಗೆ ಮುನ್ನ ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡುವ ರಿಲಿಂಕ್ವಿಷ್‌ಮೆಂಟ್ ಡೀಡ್ ನೋಂದಣಿಯಾಗಬೇಕು. ಅದರ ಷೆಡ್ಯೂಲ್ ಓದಿ. ‘ಬಡಾವಣೆಯಲ್ಲಿನ ಎಲ್ಲ ಪಾರ್ಕುಗಳು’ ಎಂದಷ್ಟೇ ಇದ್ದರೆ ಸಾಲದು. ಪ್ರತಿ ಪಾರ್ಕಿಗೂ ಸಂಖ್ಯೆ, ಚದರಡಿ, ನಾಲ್ಕು ಬದಿಯ ಅಳತೆ ಮತ್ತು ಚಕ್ಕುಬಂದಿ ಇರಬೇಕು: ಪೂರ್ವಕ್ಕೆ ಸೈಟು ನಂಬರ್ 41ರಿಂದ 46, ಪಶ್ಚಿಮಕ್ಕೆ 30 ಅಡಿ ರಸ್ತೆ, ಹೀಗೆ. ಚಕ್ಕುಬಂದಿ ಇಲ್ಲದ ಪಾರ್ಕು ನಕ್ಷೆಯೊಳಗೆ ಎಲ್ಲಿಗೆ ಬೇಕಾದರೂ ಜರುಗುತ್ತದೆ.

ಆಮೇಲೆ ಅದೇ ಅಳತೆಯಲ್ಲಿ ಪಾರ್ಕಿಗೂ ಖಾತೆಯಾಗಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ಪಂಚಾಯಿತಿಯ ಹೆಸರಿನಲ್ಲೇ ನಮೂದಾಗಲಿ ಎಂದು ಪಿಡಿಒಗೆ ಲಿಖಿತವಾಗಿ ಕೊಡಿ. ಪಾರ್ಕಿನ ಹೆಸರಿನಲ್ಲಿ ಖಾತೆಯೇ ಇಲ್ಲದ ಕಡೆ ಅದೇ ಜಾಗಕ್ಕೆ ಬೇರೆಯವರ ಹೆಸರಿನಲ್ಲಿ ಖಾತೆ ಹುಟ್ಟಿಕೊಂಡರೆ ಕಂಪ್ಯೂಟರು ಬೇಡ ಅನ್ನುವುದಿಲ್ಲ. ವರ್ಷಕ್ಕೊಮ್ಮೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇಸಿ (ಋಣಭಾರ ಪತ್ರ, ಜಾಗದ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ, ಸರ್ವೆ ನಂಬರಿನಿಂದಲೂ ಪಂಚಾಯಿತಿ ಸ್ವತ್ತಿನ ಸಂಖ್ಯೆಯಿಂದಲೂ. ಒಂದರಲ್ಲಿ ನೋಂದಾಯಿಸಿದ ಮಾರಾಟ ಇನ್ನೊಂದರಲ್ಲಿ ಹುಡುಕಿದರೆ ಕಾಣದೇ ಇರಬಹುದು.

1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆಯಂತೆ ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಇಡಬೇಕು. ನಿಮ್ಮ ಪಾರ್ಕು ಪಟ್ಟಿಯಲ್ಲಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ 38-ಎ ಪ್ರಕಾರ ಪಾರ್ಕಿಗೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೂ ಆ ವಿಲೇವಾರಿ ಅಸಿಂಧು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಹೈಕೋರ್ಟ್ ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದೂ ಅದರಲ್ಲೇ ಗಟ್ಟಿಯಾಯಿತು. ರೇರಾ ನೋಂದಾಯಿತ ಯೋಜನೆಯಾದರೆ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆಯಿಲ್ಲದೆ ನಕ್ಷೆ ಬದಲಿಸುವಂತಿಲ್ಲ. ಕ್ರಯಪತ್ರದ ಒಳಗೇ ‘ಮುಂದೆ ಮಾಡುವ ಎಲ್ಲ ಮಾರ್ಪಾಡಿಗೂ ಒಪ್ಪಿಗೆ’ ಎಂಬ ಸಾಲು ಸೇರಿಸಿರುತ್ತಾರೆ, ಸಹಿಗೆ ಮುನ್ನ ಅದನ್ನು ಹೊಡೆಸಿಹಾಕಿ.

ಒತ್ತುವರಿ ಶುರುವಾದರೆ

ಮೊದಲು ಬರುವುದು ಜಲ್ಲಿ ರಾಶಿ ಅಥವಾ ಕಟ್ಟಡದ ಅವಶೇಷ. ಆಮೇಲೆ ತಗಡಿನ ಶೆಡ್ಡು. ಆಮೇಲೆ ಕರೆಂಟು ಮೀಟರು. ಮೀಟರು ಬಂದ ಮೇಲೆ ತೆಗೆಸುವುದು ದುಪ್ಪಟ್ಟು ಕಷ್ಟ. ಕೆಲವು ಕಡೆ ಶೆಡ್ಡಿನ ಬದಲು ಕಲ್ಲೊಂದಕ್ಕೆ ಕುಂಕುಮ ಬಿದ್ದಿರುತ್ತದೆ. ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಹೊಸ ಪೂಜಾಸ್ಥಳ ಕಟ್ಟದಂತೆ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ, ದೂರಿನಲ್ಲಿ ಆ ದಿನಾಂಕ ಕಾಣಿಸಿ. ಊರಿನ ಹಿರಿಯರನ್ನು ಜತೆಗಿಟ್ಟುಕೊಂಡೇ ಈ ಮಾತು ಎತ್ತಿ, ಕಾಗದವೊಂದರಿಂದಲೇ ಇದು ಬಗೆಹರಿಯುವುದಿಲ್ಲ.

ಮೊದಲ ದಿನವೇ ಫೋಟೊ ತೆಗೆಯಿರಿ, ಸಂಖ್ಯೆಯಿರುವ ವಿದ್ಯುತ್ ಕಂಬವೋ ಸೈಟಿನ ಕಲ್ಲೋ ಅದರಲ್ಲಿ ಕಾಣಲಿ. ಬಡಾವಣೆಯ ಪಾರ್ಕಾದರೆ ದೂರು ಪಾಲಿಕೆ, ಪುರಸಭೆ ಅಥವಾ ಪಿಡಿಒಗೆ. ಸರ್ಕಾರಿ ಜಾಗವಾದರೆ ತಹಶೀಲ್ದಾರರಿಗೆ, ಭೂಕಂದಾಯ ಕಾಯ್ದೆಯ 104ನೇ ಕಲಂ ಪ್ರಕಾರ ತೆರವು ಮತ್ತು 192-ಎ ಪ್ರಕಾರ ಕ್ರಮ ಎಂದು ಬರೆದು ಕೊಡಿ. ದೂರಿನ ಜತೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಕಲ್ಲು ನೆಡುವುದಕ್ಕೆ, ಬೇಡಿಕೆ ಇರಲಿ. ಸರ್ವೆಯರ್ ಬರುವ ದಿನ ಐದು ಜನ ಹಾಜರಿದ್ದು, ಮಹಜರಿಗೆ ಸಹಿ ಹಾಕಿ, ನೆಟ್ಟ ಕಲ್ಲುಗಳ ಫೋಟೊ ಇಟ್ಟುಕೊಳ್ಳಿ. ಸ್ವೀಕೃತಿಯ ಮೊಹರು ಬೀಳದ ದೂರು ದೂರೇ ಅಲ್ಲ.

ಎದುರಿನವರು ಸಾಮಾನ್ಯವಾಗಿ ಮಾಡುವ ಕೆಲಸ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರುವುದು. ಅವರು ಮೊಕದ್ದಮೆ ಹೂಡುವುದು ಸ್ಥಳೀಯ ಸಂಸ್ಥೆಯ ಮೇಲೆ, ಸಂಸ್ಥೆಯ ಪರವಾಗಿ ಯಾರೂ ಹಾಜರಾಗದಿದ್ದರೆ ಆಜ್ಞೆ ಸಲೀಸಾಗಿ ಸಿಗುತ್ತದೆ. ಅಂಥ ಸುಳಿವು ಸಿಕ್ಕ ಕೂಡಲೇ ವಕೀಲರ ಮೂಲಕ ಕೇವಿಯಟ್ (ನಮ್ಮ ಮಾತು ಕೇಳದೆ ಆಜ್ಞೆ ಕೊಡಬೇಡಿ ಎಂದು ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ) ಹಾಕಿಸಿ. ಅದರ ಆಯುಸ್ಸು 90 ದಿನ, ಮುಗಿದ ಮೇಲೆ ಮತ್ತೆ ಹಾಕಬೇಕು. ಮೊಕದ್ದಮೆ ಆಗಲೇ ಶುರುವಾಗಿದ್ದರೆ ಸಂಘವನ್ನೂ ಪಕ್ಷಗಾರರನ್ನಾಗಿ ಸೇರಿಸಿಕೊಳ್ಳಲು ಅರ್ಜಿ ಕೊಡಿಸಿ. ಊರೊಟ್ಟಿನ ಜಾಗಕ್ಕೆ, ಅಲ್ಲಿನ ಒತ್ತುವರಿ ತೆರವು ಮಾಡಿ ಎಂದ ಸುಪ್ರೀಂ ಕೋರ್ಟಿನ 2011ರ ಜಗಪಾಲ್ ಸಿಂಗ್ ಪ್ರಕರಣದ ತೀರ್ಪು ಬಲವಾದ ಆಸರೆ. ಕೆರೆ, ಕಾಲುವೆಯ ವಿಷಯ ಹಸಿರು ನ್ಯಾಯಮಂಡಳಿಗೆ ಒಯ್ಯುವುದಾದರೆ ಆರು ತಿಂಗಳ ಗಡುವು ನೆನಪಿರಲಿ.

ನೆಲದ ಮೇಲಿನ ಕೆಲಸ

ಬೇಲಿಗೆ 7 ಅಡಿಯ ಕಲ್ಲುಕಂಬ, ಒಂದೂವರೆಯಿಂದ ಎರಡಡಿ ಹೂತು, 8 ಅಡಿಗೊಂದು. 206 ಅಡಿ ಚೌಕದ ಪಾರ್ಕಿಗೆ ಸುಮಾರು 103 ಕಂಬ ಬೇಕು, ಮೂಲೆಗಳಿಗೆ ಊರುಗಂಬ ಬೇರೆ. ಹಣ ಇಲ್ಲದಿದ್ದರೆ ನಾಲ್ಕು ಮೂಲೆಗೆ ಕಂಬ ನೆಟ್ಟು, ನಡುವೆ ಕತ್ತಾಳೆ, ಲಕ್ಕಿ, ಗೊಬ್ಬರದ ಗಿಡದ ಜೀವಂತ ಬೇಲಿ ಸಾಕು. ಹಳ್ಳಕ್ಕೆ ಅಡ್ಡವಾಗಿ ಗೋಡೆ ಕಟ್ಟಬೇಡಿ, ಮೊದಲ ಜೋರು ಮಳೆಗೇ ಕಸ ತಡೆದು ನೀರು ಪಕ್ಕದ ಮನೆಗೆ ತಿರುಗುತ್ತದೆ. ಫಲಕದಲ್ಲಿ ‘ಸ್ವಚ್ಛತೆ ಕಾಪಾಡಿ’ ಎನ್ನುವ ಬದಲು ನಕ್ಷೆಯ ಅನುಮೋದನೆ ಸಂಖ್ಯೆ, ದಿನಾಂಕ, ವಿಸ್ತೀರ್ಣ, ಚಕ್ಕುಬಂದಿ ಬರೆಸಿ. ಸೈಟು ಕೊಳ್ಳಲು ಬಂದವರು ಅದನ್ನು ಓದುತ್ತಾರೆ.

ಗಿಡ ನೆಡುವ ಉತ್ಸಾಹಕ್ಕೂ ಒಂದು ಮಿತಿ ಬೇಕು. ಬಯಲುಸೀಮೆಯ ಹುಲ್ಲುಗಾವಲು, ಕುರುಚಲು ‘ಪಾಳುಬಿದ್ದ ಜಾಗ’ ಅಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳು ಇರುವುದೇ ಅಲ್ಲಿ. ಅಂಥ ಕಡೆ ಗುಂಡಿ ತೋಡಿ ಸಾಲುಮರ ನೆಡುವುದೂ ಒಂದು ಬಗೆಯ ಒತ್ತುವರಿಯೇ. ಹೊಂಗೆ, ನೇರಳೆ, ಅತ್ತಿ, ಬೇವು ಪಾರ್ಕಿನ ಅಂಚಿಗೆ ಇರಲಿ. ಇಂಟರ್‌ಲಾಕ್ ಟೈಲ್ಸು ಹಾಸಿದಷ್ಟೂ ನೀರು ಇಂಗುವ ನೆಲ ಕಡಿಮೆಯಾಗುತ್ತದೆ, ಮಣ್ಣಿನ ಕಾಲುದಾರಿ ಒಂದೇ ಸಾಕು.

ಹಳೆಯ ತೋಪು, ದೇವರಕಾಡು ಊರಿನಲ್ಲಿದ್ದರೆ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಪ್ರಸ್ತಾವ ಕಳಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಹೀಗೆ ಘೋಷಣೆಯಾದ ದೇಶದ ಮೊದಲ ತಾಣ.

ಪ್ರತಿ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆ ನಿಂತ ಗಂಟೆಯೊಳಗೆ ಹಳ್ಳದ ಉದ್ದಕ್ಕೂ ನಡೆಯಿರಿ. ನೀರು ಏರಿದ ಮಟ್ಟಕ್ಕೆ ಕಲ್ಲುಕಂಬದ ಮೇಲೆ ಬಣ್ಣದ ಗೆರೆ ಎಳೆದು ತಾರೀಕು ಬರೆಯಿರಿ, ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಕಡತಕ್ಕೆ ಸೇರಿಸಿ. ‘ಅಲ್ಲಿ ನೀರೇ ಹರಿಯುವುದಿಲ್ಲ’ ಎಂಬ ವಾದ ಮುಂದೆ ಬಂದಾಗ ಆ ಮೂರ್ನಾಲ್ಕು ವರ್ಷದ ಗೆರೆಗಳೇ ಕೆಲಸಕ್ಕೆ ಬರುತ್ತವೆ.